ತಮ್ಮನಿಗೆ ನಾನು ಆರಿಸಿಕೊಟ್ಟ ತೋಟೆ

ಐದನೇ ಕ್ಲಾಸಿಗೆ ನನ್ನ ಶಾಲೆ ಮುಗಿಯಿತು. ಆಮೇಲೆ ಕಲಿತ ಮೊದಲ ವಿದ್ಯೆ ಅಪ್ಪನ ಕೋವಿಗೆ ತೋಟೆ ತುಂಬಿಸುವುದು.

ಬೆಳ್ತಂಗಡಿ ಕಡೆಯ ನಮ್ಮ ಗದ್ದೆಗೆ ಹಂದಿ ನುಗ್ಗುತ್ತಿದ್ದುದರಿಂದ ಅಪ್ಪನಿಗೆ ಒಂಟಿ ನಳಿಗೆಯ ಕೋವಿಗೆ ಪರವಾನಗಿ ಸಿಕ್ಕಿತ್ತು. ಅಂಗಡಿಯ ಹೊಸ ತೋಟೆ ಸುಲಭಕ್ಕೆ ಸಿಗುವಂಥದ್ದಲ್ಲ. ಹೊಡೆದ ಹಿತ್ತಾಳೆ ತೋಟೆಯನ್ನೇ ಮತ್ತೆ ಮತ್ತೆ ತುಂಬಿಸಬೇಕು. ಬುಡದಲ್ಲಿ ಕಿಡಿ ಹೊತ್ತಿಸುವ ಸುಟ್ಟ ಕೇಪನ್ನು ಮೊಳೆಯಿಂದ ತಳ್ಳಿ ಹೊಸದನ್ನು ಕೂರಿಸಬೇಕು, ಅಳತೆಯ ಮುಚ್ಚಳದಲ್ಲಿ ಮದ್ದು ಹಾಕಬೇಕು, ಅದರ ಮೇಲೆ ರಟ್ಟಿನ ಬಿಲ್ಲೆ ಒತ್ತಿ ಸೀಸದ ಚರೆ ಸುರಿಯಬೇಕು, ಇನ್ನೊಂದು ಬಿಲ್ಲೆ ಮುಚ್ಚಿ ಮೇಣ ಬಿಡಬೇಕು. ಈ ಕೆಲಸಕ್ಕೆ ಸಣ್ಣ ಬೆರಳು ಬೇಕು, ಬೀಡಿ ಹಿಡಿಯದ ಕೈ ಬೇಕು. ನಮ್ಮ ಮನೆಯಲ್ಲಿ ಅವೆರಡೂ ಇದ್ದದ್ದು ನನಗೆ ಮಾತ್ರ. ತಮ್ಮ ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಕೂತು ಪಾಠ ಓದುತ್ತಿದ್ದ. ಅವನು ಮಗ್ಗಿ ತಪ್ಪಿದರೆ ಅಪ್ಪ ತಿದ್ದುತ್ತಿದ್ದರು. ನನ್ನನ್ನು ತಿದ್ದುವ ಅಗತ್ಯ ಬೀಳಲಿಲ್ಲ. ಇವಳು ತುಂಬಿಸಿದ್ದು ಒಂದೂ ಠುಸ್ ಆಗಿಲ್ಲ ಎಂದು ಅಪ್ಪ ನೆರೆಯವರ ಹತ್ತಿರ ಹೇಳುವುದನ್ನು ಕೇಳಿದ್ದೇನೆ. ನನ್ನ ಬಗ್ಗೆ ಅವರು ಹೇಳಿದ ಒಳ್ಳೆಯ ಮಾತು ಅದೊಂದೇ ಇರಬೇಕು.

ಕೋವಿ ಇದ್ದ ಮನೆಗಳಲ್ಲಿ ಆಗ ಕೆಲವು ಕಟ್ಟಳೆಗಳಿದ್ದವು. ಪ್ರಾಣಿ ಎದುರಿಲ್ಲದೆ ತೋಟೆ ಸುಡಬಾರದು. ಕೈ ಪಳಗಿಸಲೆಂದು ಬೇಲಿಯ ಮೇಲೆ ಮಡಕೆ ಇಟ್ಟು ಹೊಡೆದ ನೆರೆಮನೆಯ ಯುವಕನಿಗೆ ಮಡಕೆ ಬೇಟೆಯವನು ಎಂಬ ಹೆಸರು ಮದುವೆಯಾದ ಮೇಲೂ ಬಿಡಲಿಲ್ಲ. ಮತ್ತೊಂದು ಕಟ್ಟಳೆ ಇನ್ನೂ ಬಿಗಿ. ರಕ್ತ ಬಿದ್ದರೆ, ಹೊಡೆದವನು ಪ್ರಾಣಿ ಸಿಗುವವರೆಗೆ ಹಿಂದೆ ಹೋಗಬೇಕು. ಗಾಯದ ಪ್ರಾಣಿಯನ್ನು ಅರ್ಧ ದಾರಿಯಲ್ಲಿ ಬಿಟ್ಟು ಬಂದವನನ್ನು ಮುಂದಿನ ಸಲ ಯಾರೂ ಕರೆಯುವುದಿಲ್ಲ, ಅವನ ಮನೆಗೆ ಮಾಂಸದ ಪಾಲೂ ಹೋಗುವುದಿಲ್ಲ. ಪಾಲು ಎಂದರೆ ಸಣ್ಣ ವಿಷಯವಲ್ಲ. ಪ್ರಾಣಿ ಎಬ್ಬಿಸಲು ಪೊದೆ ಬಡಿದವನಿಗೆ ಪಾಲು, ನಾಯಿಯ ಹೆಸರಿನಲ್ಲಿ ನಾಯಿಯ ಯಜಮಾನನಿಗೆ ಪಾಲು. ತೋಟೆ ತುಂಬಿಸಿದವಳೆಂದು ನನಗೂ ಹಂದಿಯ ಈಲಿಯ, ಅಂದರೆ ಲಿವರ್‌ನ, ಅಂಗೈಯಗಲದ ಒಂದು ತುಂಡನ್ನು ಅಪ್ಪ ಬೇರೆಯೇ ಎಲೆಯಲ್ಲಿ ಕಟ್ಟಿ ತರುತ್ತಿದ್ದರು. ಅದನ್ನು ತಮ್ಮನಿಗೂ ಕೊಡದೆ ತಿನ್ನುತ್ತಿದ್ದೆ.

ಇಷ್ಟನ್ನು ಮೊದಲೇ ಹೇಳಿದ್ದು, ಮುಂದೆ ಮಾಡಿದ ಕೆಲಸ ಗೊತ್ತಿಲ್ಲದೆ ಮಾಡಿದ್ದಲ್ಲ ಎಂದು ತಿಳಿಯಲಿ ಎಂದು.

ನನ್ನ ಗಂಡ ವೆಲ್ಡರ್. ಗಲ್ಫ್‌ನಲ್ಲಿ ದುಡಿದು ಆಮೇಲೆ ಸಿಡ್ನಿಗೆ ಬಂದವರು. ಅವರ ಹಿಂದೆ ನಾನೂ ಬಂದೆ. ಬ್ಲ್ಯಾಕ್‌ಟೌನ್‌ನಲ್ಲಿ ಬಾಡಿಗೆ ಮನೆ. ಹತ್ತಿರದ ಮಾಂಸದ ಕಾರ್ಖಾನೆಯಲ್ಲಿ ಕುರಿಯ ಬೋಟಿ ತೊಳೆಯುವ ಕಡೆ ಕೆಲಸ ಸಿಕ್ಕಿತು. ಹೊಟ್ಟೆ ಸೀಳಿ, ಒಳಗಿನ ಅರೆಬೆಂದಂಥ ಹುಲ್ಲನ್ನು ಕೊಡವಿ, ಬಿಸಿನೀರಿಗೆ ಹಿಡಿಯುವುದು. ಪಕ್ಕದ ಮನೆಯ ಆಂಟಿಯರು ಕೇಳಿದರೆ ಫುಡ್ ಪ್ಯಾಕಿಂಗ್ ಎನ್ನುತ್ತಿದ್ದೆ. ಕೆಲಸ ಬಿಟ್ಟು ಬಸ್ಸಿನಲ್ಲಿ ಕೂತಾಗ ಪಕ್ಕದವರು ಮೆಲ್ಲಗೆ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು.

ಎರಡು ಸಾವಿರನೇ ಇಸವಿಯ ಆಚೀಚೆ ತಮ್ಮ ಮೆಲ್ಬರ್ನ್‌ಗೆ ಬಂದ. ರಸ್ತೆ ಕಟ್ಟುವ ಕಂಪನಿಯಲ್ಲಿ ಸರ್ವೇಯರ್. ಸ್ವಲ್ಪ ಕಾಲದಲ್ಲೇ ಪಾಯಿಂಟ್ ಕುಕ್‌ನಲ್ಲಿ ಮನೆ ಮಾಡಿದ. ಭಾನುವಾರ ಬೆಳಿಗ್ಗೆ ತಪ್ಪದೆ ಫೋನ್. ಪಿಆರ್, ಮಾರ್ಟ್‌ಗೇಜ್, ಮಗಳ ಶಾಲೆ ಎಂದು ಅವನು ಹೇಳುತ್ತಾ ಹೋಗುವುದು, ನಾನು ಹೂಂಗುಟ್ಟುವುದು. ನಡುವೆ ಬಾಯಿ ಹಾಕಿದರೆ, ಹಾಗಲ್ಲ ಅಕ್ಕ, ನಿನಗೆ ಗೊತ್ತಾಗುವುದಿಲ್ಲ ಬಿಡು ಎನ್ನುತ್ತಿದ್ದ. ಬೇಕೆಂದು ಚುಚ್ಚಿದ್ದಲ್ಲ. ಅದಕ್ಕೇ ಹೆಚ್ಚು ಚುಚ್ಚುತ್ತಿತ್ತು.

ಆಮೇಲಾಮೇಲೆ ಅವನ ಮಾತಿನಲ್ಲಿ ಫೋರ್‌ಮನ್ ಬಂದ. ಅರವತ್ತು ದಾಟಿದ ಬಿಳಿಯ, ತಮ್ಮನ ಕಂಪನಿಯ ಹಳೇ ಮನುಷ್ಯ. ಮೊದಲೆಲ್ಲ ಊಟದ ಹೊತ್ತಿಗೆ ತಮ್ಮ ತನ್ನ ಕಾರಿನಲ್ಲಿ ಕೂತು ಒಬ್ಬನೇ ತಿನ್ನುತ್ತಿದ್ದನಂತೆ. ಒಂದು ದಿನ ಈ ಮನುಷ್ಯ ಕಾರಿನ ಕಿಟಕಿ ತಟ್ಟಿ, ಆ ಡಬ್ಬಿಯಲ್ಲಿರುವುದು ಏನು, ಇಷ್ಟು ಪರಿಮಳ ಎಂದು ಕೇಳಿದ. ಅದು ಹಂದಿ ಸುಕ್ಕ. ಅಲ್ಲಿಂದ ಕಾಡುಹಂದಿ, ಕಾಡುಹಂದಿಯಿಂದ ಬೇಟೆ, ಬೇಟೆಯಿಂದ ಗೆಳೆತನ. ತಮ್ಮನನ್ನು ಕರೆದುಕೊಂಡು ಹೋಗಿ ಲೈಸೆನ್ಸ್ ಪರೀಕ್ಷೆ ಬರೆಸಿದ್ದು ಅವನೇ, ಗುರಿ ಕಲಿಸಿದ್ದೂ ಅವನೇ. ಫೋನಿನಲ್ಲಿ ಈಗ ಬರೇ ಅವರು ಹೇಳಿದರು, ಅವರು ಹೇಳಿದರು. ಈ ದೇಶದಲ್ಲಿ ನಮ್ಮವನೊಬ್ಬನನ್ನು ಒಬ್ಬ ಬಿಳಿಯ ಮನೆಯ ಮಗನಂತೆ ನೋಡಿಕೊಂಡರೆ ಅಕ್ಕನಾದವಳಿಗೆ ಸಂತೋಷವಾಗಬೇಕು. ನನಗೆ ಆಗಲಿಲ್ಲ.

ಒಂದು ಭಾನುವಾರ ಅವನು ಕೇಳಿದ: "ಅಕ್ಕ, ನಿನ್ನ ಹತ್ತಿರ ಒಂದು ವಿಷಯ ಕೇಳ್ಲಿಕ್ಕುಂಟು. ಕಡವೆಗೆ ಎಂಥ ತೋಟೆ ಬೇಕು?"

ಮೆಲ್ಬರ್ನ್ ಆಚೆಯ ಬೆಟ್ಟಗಳಲ್ಲಿರುವುದು ನಮ್ಮದೇ ಕಡವೆಯಂತೆ. ಹಿಂದೆ ಯಾರೋ ದೊರೆಗಳು ನಮ್ಮ ಕಡೆಯಿಂದ ಹಡಗಿನಲ್ಲಿ ತಂದು ಬಿಟ್ಟದ್ದು, ಈಗ ಬೇಕಾದಷ್ಟು ಆಗಿ ಸರಕಾರವೇ ಹೊಡೆಯಲು ಲೈಸೆನ್ಸ್ ಕೊಡುತ್ತದೆ. ಇಷ್ಟು ದಿನ ತಮ್ಮ ಹೊಡೆದದ್ದು ಫೋರ್‌ಮನ್‌ನ ರೈಫಲ್‌ನಲ್ಲಿ, ಅದೂ ಗುರಿ ಅಭ್ಯಾಸದ ಮೈದಾನದಲ್ಲಿ, ಕಾಗದದ ಮೇಲೆ. ಜೂನ್ ತಿಂಗಳ ಮೂರು ದಿನ ರಜೆಯ ವೀಕೆಂಡಿಗೆ ಫೋರ್‌ಮನ್‌ನ ಗುಂಪು ಕಡವೆಗೆ ಹೋಗುವುದಿತ್ತು. ಸ್ವಂತ ರೈಫಲ್ ತಂದರೆ ತಮ್ಮನೂ ಅವರಲ್ಲೊಬ್ಬ. ಇಷ್ಟು ದಿನ ಅವನನ್ನು ಜೊತೆಗೆ ಕರೆದೊಯ್ಯುತ್ತಿದ್ದರು, ಇನ್ನು ಮೇಲೆ ಲೆಕ್ಕಕ್ಕೆ ಸೇರಿಸುತ್ತಾರೆ. ಅವನಿಗೆ ಅದು ಎಷ್ಟು ಬೇಕಿತ್ತು ಎಂದು ದನಿಯಲ್ಲೇ ತಿಳಿಯುತ್ತಿತ್ತು.

ಇಂಥ ವಿಷಯ ಅವನು ನನ್ನನ್ನು ಕೇಳಿದ್ದು ಅದೇ ಮೊದಲು. ನನಗೆ ಗೊತ್ತಿಲ್ಲ ಎನ್ನಬೇಕಿತ್ತು. ನಾನು ತುಂಬಿಸಿದ್ದು ಚರೆಯ ತೋಟೆ. ರೈಫಲ್‌ನ ತೋಟೆಯನ್ನು ಕೈಯಲ್ಲಿ ಹಿಡಿದವಳೂ ಅಲ್ಲ. ನೋಡದೆ ಹೇಗೆ ಹೇಳುವುದು, ಬಾ ಇಲ್ಲಿಗೆ ಎಂದೆ.

ಬಂದ. ಸಿಡ್ನಿಯ ಪಶ್ಚಿಮದಲ್ಲಿದ್ದ ಒಂದು ಕೋವಿ ಅಂಗಡಿಗೆ ಹೋದೆವು. ಅಂಗಡಿಯವನು ಒಳ್ಳೆಯ ಮನುಷ್ಯ. ಸೀರೆ ಉಟ್ಟ ಹೆಂಗಸು ಕೌಂಟರಿಗೆ ಬಂದು ನಿಂತದ್ದಕ್ಕೆ ಆಶ್ಚರ್ಯ ತೋರಿಸದೆ, ಮೂರು ಬಗೆಯ ತೋಟೆಗಳನ್ನು ಸಾಲಾಗಿ ನಿಲ್ಲಿಸಿದ. ಮೊದಲನೆಯದು ತ್ರೀ-ನಾಟ್-ಎಯ್ಟ್, ಎಲ್ಲಕ್ಕಿಂತ ಗಿಡ್ಡ, ತಮ್ಮ ಮೈದಾನದಲ್ಲಿ ಹೊಡೆದು ಪಳಗಿದ್ದು. ಎರಡನೆಯದು ನೈನ್-ಪಾಯಿಂಟ್-ತ್ರೀ ಎಂಬ ಹಳೇ ಕಾಲದ ತೋಟೆ. ಗುಂಡು ದಪ್ಪ, ಆದರೆ ಓಟ ನಿಧಾನ. ಪೊದೆಗಳ ನಡುವೆ ಹತ್ತಿರದಿಂದ ಹೊಡೆಯುವ ದೊಡ್ಡ ಪ್ರಾಣಿಗೆ ಅದೇ ಸರಿ, ಭುಜವನ್ನು ತಳ್ಳುತ್ತದೆ, ಗುದ್ದುವುದಿಲ್ಲ ಎಂದು ಫೋರ್‌ಮನ್ ಹೇಳಿದ್ದನಂತೆ. ಮೂರನೆಯದು ತ್ರೀ-ತರ್ಟಿ-ಎಯ್ಟ್ ಮ್ಯಾಗ್ನಮ್. ಹೊಟ್ಟೆ ತುಂಬಿದ ತೋಟೆ, ಬುಡದಲ್ಲಿ ಸೊಂಟಪಟ್ಟಿಯಂತೆ ಒಂದು ಉಬ್ಬು ಸುತ್ತು.

ಮೂರನ್ನೂ ಒಂದೊಂದಾಗಿ ಎತ್ತಿ ನೋಡಿದೆ. ನನಗೆ ಗೊತ್ತಿದ್ದ ಲೆಕ್ಕ ಒಂದೇ, ಯಾವುದಕ್ಕೆ ಎಷ್ಟು ಮದ್ದು ಹಿಡಿಯುತ್ತದೆ ಎನ್ನುವುದು. ಅಪ್ಪ ಹಂದಿಗಾದರೆ ಮುಚ್ಚಳ ತುಂಬ, ಮೊಲಕ್ಕಾದರೆ ಮುಕ್ಕಾಲು ಎನ್ನುತ್ತಿದ್ದರು. ಹಾಗೆ ನೋಡಿದರೆ ಮೂರನೆಯದು ಮಿಕ್ಕ ಎರಡನ್ನೂ ನುಂಗುವಂತಿತ್ತು. ಅಂಗಡಿಯವನು ಅದನ್ನು ನನ್ನ ಕೈಯಲ್ಲಿ ನೋಡಿ ತಮ್ಮನಿಗೆ ಏನೋ ವಿವರಿಸಿದ. ಇದರ ಒದೆ ಜೋರು, ಇದನ್ನು ತೆಗೆದುಕೊಂಡರೆ ಮೈದಾನದಲ್ಲಿ ಬೇಕಾದಷ್ಟು ಹೊಡೆದು ಅಭ್ಯಾಸ ಮಾಡಬೇಕು, ಇಲ್ಲದಿದ್ದರೆ ಕೋವಿಯ ಕುದುರೆ ಎಳೆಯುವಾಗ ಕಣ್ಣು ಮುಚ್ಚಿಹೋಗುತ್ತದೆ ಎಂದ. ನನ್ನ ಇಂಗ್ಲಿಷ್ ಕಡಿಮೆಯಾದರೂ ಅಷ್ಟು ತಿಳಿಯಿತು.

ತಮ್ಮ ನಡುವಿನದನ್ನು ಮುಟ್ಟಿದ. "ಇದು ಧಾರಾಳ ಸಾಕಂತೆ ಅಕ್ಕ. ಅವರೂ ಇದನ್ನೇ ಹೇಳಿದ್ದು."

"ಅವರು ಹೇಳಿದ್ದನ್ನೇ ತಗೊಳ್ಳುವುದಾದರೆ ನನ್ನನ್ನು ಯಾಕೆ ಕರ್ಕೊಂಡು ಬಂದದ್ದು ಮಾರಾಯ?"

"ಹಾಗಲ್ಲ. ದೊಡ್ಡದರ ಒದೆ ಜಾಸ್ತಿ ಉಂಟಂತೆ."

"ಅಪ್ಪನ ಕೋವಿ ನಾನು ಲಂಗ ಉಡುವಾಗ ಹೊಡೆದದ್ದು. ಒದೆಯಿತು ಅಂತ ಅತ್ತಿದ್ದೇನಾ? ನೀನೊಂದು ಕೆಲಸ ಮಾಡು. ಆ ಸಣ್ಣದನ್ನು ನನಗೆ ತೆಗೆದುಕೊಡು, ನಾನು ಹೊಡೆಯುತ್ತೇನೆ. ನೀನು ಕ್ಯಾಂಪಿನಲ್ಲಿ ಅನ್ನ ಇಡು."

ಮಾತು ತಿಳಿಯದ ಅಂಗಡಿಯವನೂ ನಕ್ಕ. ತಮ್ಮ ನಗಲು ಹೋದ, ಕಿವಿ ಕೆಂಪಾಯಿತು. ಮೆಲ್ಬರ್ನ್‌ಗೆ ಹೋಗಿ ಅವನು ಕೊಂಡದ್ದು ತ್ರೀ-ತರ್ಟಿ-ಎಯ್ಟ್.

ಅಪ್ಪನ ಕೋವಿಯನ್ನು ನಾನು ಹೊಡೆದದ್ದು ಒಂದೇ ಸಲ. ಆ ದಿನ ಕೊಟ್ಟಿಗೆಯ ಹಿಂದೆ ನಿಂತು ಭುಜ ಹಿಡಿದುಕೊಂಡು ಅತ್ತಿದ್ದೆ. ತಮ್ಮ ಆಗ ಶಾಲೆಯಲ್ಲಿದ್ದ.

ಕಡವೆಯ ಬಗ್ಗೆಯಾಗಲಿ, ತಮ್ಮನ ಭುಜದ ಬಗ್ಗೆಯಾಗಲಿ ಆಗ ನಾನು ಯೋಚಿಸಲೇ ಇಲ್ಲ. ಫೋರ್‌ಮನ್ ನಡುವಿನದನ್ನು ಹೇಳಿದ್ದಾನೆ ಎಂಬುದೇ ನನಗೆ ಸಾಕಾಗಿತ್ತು. ಅವನು ದೊಡ್ಡದನ್ನು ಹೇಳಿದ್ದರೆ ನಾನು ಸಣ್ಣದನ್ನು ಹೇಳುತ್ತಿದ್ದೆ.

ರೈಫಲ್ ಕೈಗೆ ಬಂದ ಮೇಲಿನ ಭಾನುವಾರ ಫೋನಿನಲ್ಲಿ ತಮ್ಮ, ಭುಜ ನೇರಳೆ ಬಣ್ಣಕ್ಕೆ ತಿರುಗಿದೆ ಎಂದ. ಮೈದಾನಕ್ಕೆ ಹೋಗಿ ಒಂದಷ್ಟು ಹೊಡೆದಿದ್ದಾನೆ, ಇನ್ನೂ ಹೊಡೆಯಬೇಕು ಎಂದು ಫೋರ್‌ಮನ್ ಹಟ ಹಿಡಿದಿದ್ದಾನೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಾಗದಕ್ಕೆ ಹೊಡೆದು ತೋಟೆ ಹಾಳು ಮಾಡುವವರು ಮಡಕೆ ಬೇಟೆಯವರು, ಅಪ್ಪ ಇದ್ದಿದ್ದರೆ ಏನು ಹೇಳುತ್ತಿದ್ದರು, ನೀನು ಯಾರ ಮಗ ಎಂದೆ. ಅಪ್ಪನ ಹೆಸರು ತೆಗೆದ ಮೇಲೆ ಅವನು, ಸರಿ ಅಕ್ಕ ಎಂದ. ಮತ್ತೆ ಮೈದಾನಕ್ಕೆ ಹೋಗಲಿಲ್ಲ. ನಮ್ಮೂರಿನ ಆ ಕಟ್ಟಳೆ ಹುಟ್ಟಿದ್ದು ತೋಟೆಯ ಬಡತನದಿಂದ. ಪೆಟ್ಟಿಗೆಗಟ್ಟಲೆ ತೋಟೆ ಸಿಗುವ ದೇಶಕ್ಕೆ ಅದನ್ನು ದೇವರ ಮಾತಿನ ಹಾಗೆ ಹೊತ್ತು ತಂದವಳು ನಾನು.

ಜೂನ್‌ನಲ್ಲಿ ನಾನೂ ಹೋದೆ. ಅಕ್ಕ ಬಾರದಿದ್ದರೆ ಹೇಗೆ ಎಂದು ತಮ್ಮನೇ ಟಿಕೆಟ್ ಕಳಿಸಿದ್ದ. ಮೆಲ್ಬರ್ನ್‌ನಿಂದ ಪೂರ್ವಕ್ಕೆ ಅರ್ಧ ದಿನದ ದಾರಿ, ಮುಗಿಯದ ಬೆಟ್ಟಗಳು, ನೀಲಗಿರಿ ಮರಗಳ ಕಾಡು. ಫೋರ್‌ಮನ್‌ನನ್ನು ಮೊದಲ ಸಲ ನೋಡಿದೆ. ಸೊಂಟ ಹಿಡಿದು ಗಾಡಿ ಇಳಿಯುವ, ಸಣ್ಣ ದನಿಯ ಮುದುಕ. ನನಗೆ ಕೂರಲು ತನ್ನ ಮಡಚುವ ಕುರ್ಚಿ ಕೊಟ್ಟು ತಾನು ಮರದ ದಿಮ್ಮಿಯ ಮೇಲೆ ಕೂತ. ನಾನು ಮಾಡಿದ ಸುಕ್ಕ ತಿಂದು ಕಣ್ಣು ಮೂಗು ಒರೆಸಿಕೊಂಡು ಮತ್ತೆ ಬಡಿಸಿಕೊಂಡ. ತಮ್ಮನನ್ನು, ಆ ರೈಫಲ್‌ಗೆ ಕೈ ಕೂತಿತಾ ಎಂದು ಕೇಳಿದ. ತಮ್ಮ ನನ್ನ ಮುಖ ನೋಡಿ, ಕೂತಿದೆ ಎಂದ. ಮುದುಕ ನಮ್ಮಿಬ್ಬರನ್ನೂ ನೋಡಿದ, ಹೆಚ್ಚು ಕೇಳಲಿಲ್ಲ.

ಮರುದಿನ ಬೆಳಕು ಹರಿಯುವಾಗ ಗುಂಪಿನ ಮಿಕ್ಕವರು ಆಚೆಯ ಕಣಿವೆಗೆ ಹೋದರು, ಮುದುಕ ಬೆಟ್ಟದ ಮೇಲಿನ ಏಣಿನ ಕಡೆ ಹೋದ. ನಾನು, ತಮ್ಮ ಕೆಳಗಿನ ಕಣಿವೆಯ ಅಂಚಿನಲ್ಲಿ ಕೂತೆವು. ಹುಲ್ಲಿನ ಮೇಲೆ ಹಿಮ ಬಿಳಿಯಾಗಿತ್ತು. ತೊರೆಯ ಆಚೆ ಮೊದಲು ಕಿವಿ ಕಂಡಿತು, ಆಮೇಲೆ ಕತ್ತು. ಹೆಣ್ಣು ಕಡವೆ. ಊರಲ್ಲಿ ಕಂಡದ್ದೇ, ಅದೇ ಎಲೆಯಂಥ ಕಿವಿ, ಅದೇ ಕೆಸರು ಬಣ್ಣ. ನಾನು ತಮ್ಮನ ಮೊಣಕೈ ಮುಟ್ಟಿದೆ. ಅವನು ರೈಫಲ್ ಎತ್ತಿದ.

ನಾನು ಪ್ರಾಣಿಯನ್ನು ನೋಡಬೇಕಿತ್ತು. ಅವನನ್ನು ನೋಡಿದೆ. ಈಡು ಹಾರುವ ಮೊದಲೇ ಅವನ ಕಣ್ಣು ಮುಚ್ಚಿತ್ತು. ಭುಜ ಹಿಂದಕ್ಕೆ ಹೋಯಿತು, ನಳಿಗೆಯ ತುದಿ ತಗ್ಗಿತು. ಮರುಕ್ಷಣ ಈಡು ಹಾರಿತು, ರೈಫಲ್ ಮೇಲಿನ ಸ್ಕೋಪಿನ ಅಂಚು ಬಂದು ಅವನ ಹುಬ್ಬಿಗೆ ಬಡಿದು ಅರ್ಧಚಂದ್ರದಂತೆ ಕೊಯ್ದಿತು. ಮುಖದ ಮೇಲೆಲ್ಲ ರಕ್ತ. ಅವನು ಕುಸಿದು ಕೂತ. ನಾನು ಆಚೆ ನೋಡಿದಾಗ ಕಡವೆ ಬೆನ್ನು ಕಮಾನು ಮಾಡಿಕೊಂಡು, ಓಡದೆ, ನಡೆದುಕೊಂಡು ಪೊದೆಯೊಳಗೆ ಹೋಗುತ್ತಿತ್ತು.

ಬೆನ್ನು ಬಾಗಿಸಿ ನಡೆಯುವ ಪ್ರಾಣಿಗೆ ಎಲ್ಲಿ ತಾಗಿರುತ್ತದೆ ಎಂದು ನನಗೆ ಹತ್ತು ವರ್ಷದಲ್ಲೇ ಗೊತ್ತಿತ್ತು.

ತಮ್ಮನ ಕೈಗೆ ನನ್ನ ಶಾಲು ಕೊಟ್ಟು, ಒತ್ತಿ ಹಿಡಿ, ನಾನು ನೋಡಿ ಬರುತ್ತೇನೆ ಎಂದು ತೊರೆ ದಾಟಿದೆ. ಅದು ನಿಂತಿದ್ದ ಜಾಗದಲ್ಲಿ ಜರಿಗಿಡಗಳಿದ್ದವು. ಮೇಲಿನ ಎಲೆಗಳಲ್ಲಿ ಏನೂ ಇಲ್ಲ. ಮೊಣಕಾಲೆತ್ತರದ ಒಂದು ಎಲೆಯ ಅಡಿಯಲ್ಲಿ ಸ್ವಲ್ಪ ರಕ್ತ, ರಕ್ತಕ್ಕಿಂತ ಹೆಚ್ಚು ಹಸಿರುಮಿಶ್ರಿತ ಕಂದು, ಅರೆದ ಸೊಪ್ಪಿನಂಥದ್ದು. ಮೂಗಿನ ಹತ್ತಿರ ಹಿಡಿಯುವುದೂ ಬೇಕಿರಲಿಲ್ಲ. ವಾರದಲ್ಲಿ ಐದು ದಿನ ನನ್ನ ಕೈಯಿಂದ ಬರುವ ವಾಸನೆ ಅದು. ಹೊಟ್ಟೆಗೆ ಈಡು ಬಿದ್ದಿದೆ. ಕೂಡಲೇ ಸಾಯುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಹಿಂದೆ ಹೋದರೆ ಹತ್ತಿರದಲ್ಲೇ ನೀರಿನ ಬದಿ ಮಲಗಿರುತ್ತದೆ. ಹೋಗಿ ಮುಗಿಸಬೇಕು.

ಆಗ ಮೇಲಿನ ಏಣಿನಿಂದ ಮುದುಕ ಕೂಗಿದ. ಈಡಿನ ಸದ್ದು ಕೇಳಿ ಇಳಿದು ಬರುತ್ತಿದ್ದ.

ಅವನು ಬರುತ್ತಾನೆ, ಈ ಎಲೆ ನೋಡುತ್ತಾನೆ. ತಮ್ಮನ ಹುಬ್ಬು ನೋಡುತ್ತಾನೆ. ಒಂದು ಮಾತೂ ಆಡುವುದಿಲ್ಲ. ನಡುವಿನ ತೋಟೆ ಸಾಕು ಎಂದಿದ್ದೆ ಎಂದು ಬಾಯಿ ಬಿಟ್ಟು ಹೇಳುವ ಜಾತಿ ಅಲ್ಲ ಅವನು. ಆದರೆ ತಮ್ಮ ಇನ್ನು ಮೇಲೆ ಯಾವುದಕ್ಕೂ ನನ್ನನ್ನು ಕೇಳುವುದಿಲ್ಲ. ಇದಿಷ್ಟೂ ಆ ಒಂದು ಗಳಿಗೆಯಲ್ಲಿ ನನ್ನ ತಲೆಯಲ್ಲಿ ಹೋಯಿತು. ಎಲೆಯನ್ನು ಕಿತ್ತು ಕೆಸರಿಗೆ ಹಾಕಿ ಬೂಟಿನಿಂದ ತುಳಿದೆ. ಪಕ್ಕದ ಇನ್ನೊಂದನ್ನೂ ತುಳಿದೆ. ಕೈಯನ್ನು ತೊರೆಯಲ್ಲಿ ತೊಳೆದುಕೊಂಡು ತಮ್ಮನ ಹತ್ತಿರ ಬಂದೆ.

"ತಾಗಲಿಲ್ಲ ಮಾರಾಯ. ಒಂದು ಹನಿ ರಕ್ತ ಇಲ್ಲ. ಮೇಲಿಂದ ಹೋಗಿದೆ."

"ಸರಿ ನೋಡಿದ್ದೀಯಾ ಅಕ್ಕ?"

"ನನಗೆ ಹೇಳಿಕೊಡುತ್ತೀಯಾ ನೀನು?"

ಅವನ ಮುಖದಲ್ಲಿ ಒಂದು ನೆಮ್ಮದಿ ಕಂಡಿತು. ಗಾಯ ಮಾಡಿ ಬಿಟ್ಟ ಪಾಪ ತನಗೆ ಬರಲಿಲ್ಲ ಎಂಬ ನೆಮ್ಮದಿ. ಅಪ್ಪನ ಮಗ, ಆ ಕಟ್ಟಳೆ ಅವನಿಗೂ ಗೊತ್ತಿತ್ತಲ್ಲ. ಒಂದು ಮಾತು ಹೇಳಿದ್ದರೆ ಅವನು ಆ ಹುಬ್ಬು ಕಟ್ಟಿಕೊಂಡೇ ಹಿಂದೆ ಹೋಗುತ್ತಿದ್ದ.

ಮುದುಕ ಬಂದು ಕೇಳಿದ. ತಮ್ಮ, ನನ್ನ ಅಕ್ಕ ನೋಡಿದ್ದಾಳೆ, ತಾಗಿಲ್ಲ ಎಂದ. ತಾನೂ ಒಮ್ಮೆ ನೋಡುತ್ತೇನೆ ಎಂದು ಮುದುಕ ತೊರೆಯ ಕಡೆ ತಿರುಗಿದ. ನಾನು ತಮ್ಮನ ಮುಖದಿಂದ ಶಾಲು ತೆಗೆದು ತೋರಿಸಿದೆ. ರಕ್ತ ಇನ್ನೂ ನಿಂತಿರಲಿಲ್ಲ. ಹೊಲಿಗೆ ಬೇಕಿತ್ತು. ಮುದುಕ ತಿರುಗಿ ಬಂದು ತಮ್ಮನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ. ಪೇಟೆಯ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮಳೆ ಹಿಡಿಯಿತು.

ಮುಂದಿನ ವಾರಾಂತ್ಯ ಆ ಮನುಷ್ಯ ಒಬ್ಬನೇ ಮತ್ತೆ ಅಲ್ಲಿಗೆ ಹೋದ. ಯಾಕೆ ಹೋದ ಎಂದು ನನಗೆ ಆಗ ಸಿಟ್ಟು ಬಂದಿತ್ತು. ಯಾಕೆಂದು ನನಗೆ ಗೊತ್ತಿತ್ತು. ನಮ್ಮೂರಲ್ಲಾದರೆ ಎಲ್ಲರೂ ಹೋಗುತ್ತಿದ್ದರು. ಅವನು ಕಾಗೆಗಳು ಕೂಗುವ ಕಡೆ ಹೋಗಿ ನೋಡಿದಾಗ ತೊರೆಯ ಕೆಳಗಡೆ ಕಡವೆ ಸತ್ತು ಬಿದ್ದಿತ್ತು, ಹೊಟ್ಟೆಯಲ್ಲಿ ಗುಂಡಿನ ತೂತು. ಅದು ನಿಂತಿದ್ದ ಜಾಗವನ್ನೂ ನೋಡಿದ. ಸೋಮವಾರ ಕೆಲಸದ ಜಾಗದಲ್ಲಿ ತಮ್ಮನನ್ನು ಬದಿಗೆ ಕರೆದು ಇದಿಷ್ಟನ್ನೂ ಹೇಳಿ, ಅಲ್ಲಿನ ಜರಿಗಿಡವನ್ನು ಯಾರೋ ಕಿತ್ತು ಕೆಸರಿಗೆ ತುಳಿದಿದ್ದಾರೆ ಎಂದೂ ಹೇಳಿದ. ತಪ್ಪು ಎಲ್ಲರಿಗೂ ಆಗುತ್ತದೆ, ನನಗೂ ಆಗಿದೆ, ಆದರೆ ಸುಳ್ಳು ಆಗಬಾರದು ಎಂದನಂತೆ.

ತಮ್ಮನಿಗೆ ಸಿಡಿಲು ಬಡಿದ ಹಾಗಾಯಿತು. ನನ್ನ ಅಕ್ಕ ಹುಟ್ಟಿದಾರಭ್ಯ ಕೋವಿಯ ಜೊತೆ ಬೆಳೆದವಳು, ಅವಳು ಸುಳ್ಳು ಹೇಳಿದಳು ಎನ್ನುತ್ತೀರಾ ಎಂದು ಎದುರು ನಿಂತ. ಅಲ್ಲಿಂದಲೇ ನನಗೆ ಫೋನ್ ಮಾಡಿ, ಮುದುಕನಿಗೂ ಕೇಳುವಂತೆ ಸ್ಪೀಕರ್ ಹಾಕಿದ. ನಾನು ಕಾರ್ಖಾನೆಯ ಹೊರಗೆ ಊಟಕ್ಕೆ ಕೂತಿದ್ದೆ. ಕೈ ಒದ್ದೆ ಇತ್ತು.

"ಅಕ್ಕ, ಇವರು ನಿನ್ನ ಬಾಯಿಂದಲೇ ಕೇಳಬೇಕಂತೆ. ಅಲ್ಲಿ ರಕ್ತ ಇತ್ತಾ? ಇಂಗ್ಲಿಷಲ್ಲೇ ಹೇಳು."

ಹಿಂದೆ ಲಾರಿಯ ಸದ್ದು ಕೇಳುತ್ತಿತ್ತು. ಹೇಳಲು ಬೇಕಾದಷ್ಟು ಸಮಯವಿತ್ತು.

"ನೋ ಬ್ಲಡ್," ಎಂದೆ. "ಐ ಲುಕ್ ಪ್ರಾಪರ್. ನೋ ಬ್ಲಡ್."

ಆ ಕಡೆಯಿಂದ ಮುದುಕನ ಸಣ್ಣ ದನಿ: "ರೈಟೋ, ಲವ್."

ಸರಿ ಅಮ್ಮ ಎಂದ ಹಾಗೆ. ಕ್ಯಾಂಪಿನಲ್ಲಿ ಕುರ್ಚಿ ಬಿಟ್ಟುಕೊಟ್ಟಾಗಿನದ್ದೇ ದನಿ. ನನಗೆ ಗೊತ್ತಾಯಿತು, ಅವನಿಗೆ ಗೊತ್ತಾಗಿದೆ. ತಮ್ಮನಿಗೆ ಮಾತ್ರ ಗೊತ್ತಾಗಲಿಲ್ಲ.

ಮುದುಕ ಮತ್ತೆ ಅವನನ್ನು ಕರೆಯಲಿಲ್ಲ. ಊಟದ ಹೊತ್ತಿಗೆ ತಮ್ಮ ಮತ್ತೆ ಕಾರಿನಲ್ಲಿ ಕೂತ. ವರ್ಷ ತುಂಬುವ ಮೊದಲೇ ಬೇರೆ ಕಂಪನಿ ಹಿಡಿದ, ರೈಫಲ್ ಮಾರಿದ. ಆಮೇಲೆ ಆ ಕತೆ ಶುರುವಾಯಿತು. ಪಾಯಿಂಟ್ ಕುಕ್‌ನ ಅವನ ಮನೆಯಲ್ಲಿ ಹಬ್ಬ, ಹುಟ್ಟುಹಬ್ಬ ಎಂದು ನಮ್ಮ ಕಡೆಯ ಅಂಕಲ್, ಆಂಟಿಯರು ಸೇರಿದಾಗ ಅವನು ಹುಬ್ಬಿನ ಕಲೆ ತೋರಿಸಿ ಹೇಳುತ್ತಿದ್ದ. ಎಷ್ಟು ಗೆಳೆತನ ಇದ್ದರೂ ಇವರಿಗೆ ನಮ್ಮ ಮಾತು ಮಾತೇ ಅಲ್ಲ, ಇನ್ಯಾರದ್ದೋ ಕಡವೆಯನ್ನು ತಂದು ನನ್ನ ತಲೆಗೆ ಕಟ್ಟಿದರು, ನನ್ನ ಅಕ್ಕನನ್ನು ಸುಳ್ಳಿ ಅಂದರು ಎಂದು. ಕೇಳಿದವರು ತಮ್ಮ ತಮ್ಮ ಕತೆ ಹೇಳುತ್ತಿದ್ದರು. ಕೆಲಸದಲ್ಲಿ ಹಿಂದೆ ತಳ್ಳಿದ್ದು, ರೈಲಿನಲ್ಲಿ ಬೈದದ್ದು, ಮನೆ ಬಾಡಿಗೆಗೆ ಕೊಡದೆ ಇದ್ದದ್ದು. ಅವೆಲ್ಲ ನಡೆದದ್ದೇ. ನನಗೂ ಬಸ್ಸಿನಲ್ಲಿ ಆಗಿದೆ. ನಿಜವಾದ ಅಷ್ಟು ನೋವಿನ ಮುಂದೆ ನನ್ನ ಸುಳ್ಳು ಮೊದಲನೆಯದಾಗಿ ನಿಲ್ಲುತ್ತಿತ್ತು. ಕೊನೆಗೆ ತಮ್ಮ ನನ್ನ ಕಡೆ ತಿರುಗಿ, ಬೇಕಾದರೆ ಅಕ್ಕನನ್ನೇ ಕೇಳಿ ಎನ್ನುತ್ತಿದ್ದ. ನಾನು ತಲೆ ಆಡಿಸುತ್ತಿದ್ದೆ.

ಅವನ ಮಗಳು ಆ ಕತೆ ಕೇಳುತ್ತಲೇ ದೊಡ್ಡವಳಾದಳು. ಶಾಲೆಯಲ್ಲಿ ಯಾರಾದರೂ ಮುಖ ತಿರುಗಿಸಿದರೂ ಅದಕ್ಕೆ ಕಾರಣ ಹುಡುಕುವುದನ್ನು ಬಿಟ್ಟಳು. ಅಪ್ಪನ ಕತೆಯಲ್ಲಿ ಕಾರಣ ಸಿಕ್ಕಾ‌ಗಿತ್ತು.

ಕಳೆದ ದೀಪಾವಳಿಗೆ ಅಲ್ಲಿಗೆ ಹೋಗಿದ್ದೆ. ಕತೆ ಮುಗಿಯಿತು, ನಾನು ತಲೆ ಆಡಿಸಿದೆ. ಆ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು: ಅತ್ತೆ, ಒಂದು ವೇಳೆ ತಾಗಿದ್ದಿದ್ದರೆ ಹೇಗೆ ಗೊತ್ತಾಗುತ್ತಿತ್ತು?

ಎಷ್ಟೋ ವರ್ಷದ ಮೇಲೆ ಯಾರೋ ನನ್ನನ್ನು ನನಗೆ ಗೊತ್ತಿರುವ ವಿಷಯ ಕೇಳಿದ್ದರು. ನಾಲಿಗೆ ತಡೆಯಲಿಲ್ಲ.

"ಮೇಲಿನ ಎಲೆಯಲ್ಲಿ ಹುಡುಕಬಾರದು ಮಗಾ. ಜರಿಗಿಡದ್ದು ಇಷ್ಟೆತ್ತರದ ಎಲೆ ಉಂಟಲ್ಲ, ಅದನ್ನು ಮಗುಚಿ ನೋಡಬೇಕು." ಕೈಯಿಂದ ಮೊಣಕಾಲು ತೋರಿಸಿದೆ. "ಹೊಟ್ಟೆಗೆ ತಾಗಿದರೆ ಕೆಂಪು ಕಡಿಮೆ. ಹಸಿರು, ಕಂದು, ಅರೆದ ಸೊಪ್ಪಿನ ಹಾಗೆ ಒಂದು ಬದಿಗೆ ಅಂಟಿಕೊಂಡಿರುತ್ತದೆ. ವಾಸನೆ…"

ಅಲ್ಲಿಗೆ ನಿಲ್ಲಿಸಿದೆ. ತಮ್ಮ ಕೋಳಿ ಸುಕ್ಕದ ಪಾತ್ರೆ ಹಿಡಿದು ನಿಂತಿದ್ದ. ಅವನು ಆ ದಿನ ತೊರೆ ದಾಟಿದವನಲ್ಲ. ಅಲ್ಲಿ ಇದ್ದದ್ದು ಜರಿಗಿಡ ಎಂದು ಅವನಿಗೆ ಹೇಳಿದ್ದವನು ಮುದುಕ ಒಬ್ಬನೇ, ಅದನ್ನು ಅವನು ಕತೆಯಲ್ಲಿ ಒಮ್ಮೆಯೂ ಹೇಳಿದ್ದಿಲ್ಲ. ನನ್ನ ಕೈ ಇನ್ನೂ ಮೊಣಕಾಲಿನ ಹತ್ತಿರವೇ ಇತ್ತು. ಅವನು ಅದನ್ನು ನೋಡಿದ. ಆಮೇಲೆ ಪಕ್ಕದ ಅಂಕಲ್‌ಗೆ, ಇನ್ನೊಂದು ತುಂಡು ಹಾಕಿಕೊಳ್ಳಿ ಎಂದು ಬಡಿಸಿದ. ನನ್ನ ತಟ್ಟೆಗೂ ಬಡಿಸಿದ.

ಮರುದಿನ ಏರ್‌ಪೋರ್ಟಿಗೆ ಬಿಡಲು ಬಂದ. ಬ್ಯಾಗ್ ಇಳಿಸಿಕೊಟ್ಟ ಮೇಲೆ ಹೇಳಿದ:

"ಅವರು ತೀರಿಕೊಂಡು ಒಂದು ವರ್ಷ ಆಯ್ತು. ಹಳೇ ಕಂಪನಿಯವರು ಫೋನ್ ಮಾಡಿ ಕರೆದಿದ್ದರು. ನಾನು ಹೋಗಲಿಲ್ಲ."

ನನ್ನ ಮುಖವನ್ನೇ ನೋಡುತ್ತಾ ನಿಂತ. ನಾನು ಏನಾದರೂ ಹೇಳುತ್ತೇನೆಂದು ಕಾದ. ಹಿಂದಿನ ಕಾರಿನವನು ಹಾರ್ನ್ ಹೊಡೆದ. ನಾನು, ಹುಷಾರಾಗಿ ಹೋಗು, ಗಾಡಿ ಮೆಲ್ಲ ಬಿಡು ಎಂದೆ. ಅವನು ಹೂಂ ಎಂದು ಕಾರು ಹತ್ತಿದ.

ಫೋನ್ ಈಗಲೂ ಭಾನುವಾರ ಬರುತ್ತದೆ, ಆದರೆ ಬೇಗ ಮುಗಿಯುತ್ತದೆ. ಮೊಣಕಾಲು ನೋವು ಹೇಗಿದೆ, ಅಲ್ಲಿ ಚಳಿ ಉಂಟಾ ಎಂದು ಕೇಳುತ್ತಾನೆ. ನಿನಗೆ ಗೊತ್ತಾಗುವುದಿಲ್ಲ ಬಿಡು ಎನ್ನುವುದನ್ನೂ ಬಿಟ್ಟಿದ್ದಾನೆ. ಯಾರಾದರೂ ಕಡವೆಯ ಕತೆ ಕೇಳಿದರೆ ಅದು ಹಳೇದಾಯ್ತು ಎನ್ನುತ್ತಾನೆಂದು ಅವನ ಹೆಂಡತಿ ಹೇಳಿದಳು. ಆ ಮುದುಕನ ಮನೆಯವರನ್ನು ಹೋಗಿ ನೋಡಿದನೋ ಇಲ್ಲವೋ ನನಗೆ ತಿಳಿಯದು. ನಾನು ಕೇಳಲಿಲ್ಲ.

ಈ ದೀಪಾವಳಿಗೂ ಪಾಯಿಂಟ್ ಕುಕ್‌ನಲ್ಲಿ ಎಲ್ಲರೂ ಸೇರಿದರಂತೆ. ಸೇರಿದ ವಿಷಯ ನನಗೆ ಬ್ಲ್ಯಾಕ್‌ಟೌನ್‌ನ ಒಬ್ಬ ಆಂಟಿಯಿಂದ ಗೊತ್ತಾಯಿತು. ನನ್ನನ್ನು ಕರೆದಿರಲಿಲ್ಲ. ಅವಳು ನಿಮ್ಮ ತಮ್ಮನ ಮನೆಗೆ ನೀವು ಯಾಕೆ ಹೋಗಲಿಲ್ಲ ಎಂದು ಕೇಳಿದಳು. ರಜೆ ಸಿಗಲಿಲ್ಲ ಎಂದೆ. ಗಾಯದ ಪ್ರಾಣಿಯನ್ನು ಬಿಟ್ಟು ಬಂದವಳನ್ನು ಅಪ್ಪ ಇದ್ದಿದ್ದರೂ ಕರೆಯುತ್ತಿರಲಿಲ್ಲ.